ಹೆಡ್ ಗ್ಯಾಸ್ಕೆಟ್ ಸುಮ್ನೆ ಹೋಗಲ್ಲ

ಶಿರಾಡಿ ಘಾಟಿ ಹತ್ತಿ ಬರುವ ಗಾಡಿಗಳು ನಮ್ಮ ಕಡೆ ಗ್ಯಾರೇಜುಗಳಿಗೆ ಹೆಡ್ ಕೆಲಸ ತಂದುಕೊಡುತ್ತಲೇ ಇರುತ್ತವೆ. ಹೆಡ್ ಅಂದರೆ ಎಂಜಿನ್ನಿನ ಸಿಲಿಂಡರುಗಳ ಮೇಲಿನ ಮುಚ್ಚಳ; ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಇಡುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಗುಂಡ್ಯ ದಾಟಿದರೆ ಸಕಲೇಶಪುರದ ಕಡೆಗೆ ಏರೋ ಏರು. ಮುಂದೆ ಲೋಡ್ ಲಾರಿ ಸಿಕ್ಕಿಬಿಟ್ಟರೆ ಎರಡನೇ ಗೇರಿನಲ್ಲೇ ತೆವಳಬೇಕು. ಊರೊಳಗೆ ಓಡಾಡುವಾಗ ಗೊತ್ತಾಗದ ಕೂಲಿಂಗ್ ತೊಂದರೆ ಅಲ್ಲಿ ಬಯಲಾಗುತ್ತದೆ.

ಹಾಗೆ ಕುದ್ದು ಬಂದದ್ದು ಒಂದು ಹಳೇ ಮಾರುತಿ ಓಮ್ನಿ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಬೇರೆ ಕಡೆ ಆಗಲೇ ಒಮ್ಮೆ ಗ್ಯಾಸ್ಕೆಟ್ ಬದಲಾಯಿಸಿದ್ದರು. ಕೆಲವೇ ತಿಂಗಳಲ್ಲಿ ಮತ್ತದೇ ರಾಗ. "ಈ ಸಲ ಒಳ್ಳೇ ಗ್ಯಾಸ್ಕೆಟ್ ಹಾಕ್ಬಿಡಿ, ಸಾಕು" ಅಂದರು ಮಾಲೀಕರು. "ಹಾಕೋಣ ಸಾರ್, ಆದ್ರೆ ಹಳೇದು ಯಾಕೆ ಹೋಯ್ತು ಅಂತ ಮೊದಲು ನೋಡೋಣ" ಅಂದೆ. ಅವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ಬಿಲ್ಲು ಏರುತ್ತೆ ಅಂತ ಭಯ, ಅಲ್ವಾ.

ಹೆಡ್ ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಹೆಡ್ ಅಲ್ಯುಮಿನಿಯಂ, ಕೆಳಗಿನ ಬ್ಲಾಕ್ ಎರಕದ ಕಬ್ಬಿಣ. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬಿಸಿ ಇರುವಾಗಲೇ ಬೋಲ್ಟ್ ಸಡಿಲಿಸಿದರೆ ಹೆಡ್ ಡೊಂಕಾಗಬಹುದು. ವಾಲ್ವ್, ಪಿಸ್ಟನ್‌ಗಳ ಓಟ ಹೊಂದಿಸುವ ಟೈಮಿಂಗ್ ಬೆಲ್ಟನ್ನು ಗುರುತು ಕೂಡಿಸಿ ಬಿಚ್ಚಿಕೊಂಡು, ಬೋಲ್ಟ್‌ಗಳನ್ನು ಅಂಚಿನಿಂದ ನಡುವಿಗೆ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬರಬೇಕು. ಕೂರಿಸುವಾಗ ಉಲ್ಟಾ, ನಡುವಿನಿಂದ ಅಂಚಿಗೆ.

ಹೆಡ್ ಎತ್ತಿದ ಕೂಡಲೇ ಉಜ್ಜಿ ಸ್ವಚ್ಛ ಮಾಡಲು ಹೊರಡುತ್ತಾರೆ ಕೆಲವರು. ನಾನು ಹುಡುಗರ ಕೈ ಹಿಡಿದು ನಿಲ್ಲಿಸುತ್ತೇನೆ. ಆ ಕೊಳೆಯಲ್ಲೇ ಕಥೆಯೆಲ್ಲ ಇರುತ್ತದೆ. ಈ ಗಾಡಿಯಲ್ಲಿ ಎರಡು ಪಿಸ್ಟನ್‌ಗಳ ತಲೆ ಮೇಲೆ ಕಪ್ಪು ಕಾರ್ಬನ್ ದಪ್ಪಗೆ ಕೂತಿತ್ತು. ನಡುವಿನದು ಮಾತ್ರ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. "ಅಣ್ಣ, ಇದು ಚೆನ್ನಾಗಿದೆ ನೋಡಿ" ಅಂದ ಹುಡುಗ. ಚೆನ್ನಾಗಿರೋದಲ್ಲ ಮಾರಾಯ, ಕೆಟ್ಟಿರೋದೇ ಅದು. ಆ ಸಿಲಿಂಡರಿಗೆ ನೀರು ನುಗ್ಗಿ, ಆವಿಯಾಗಿ, ಕಾರ್ಬನ್ ಎಲ್ಲ ಕಿತ್ತು ಹೋಗಿದೆ. ಗ್ಯಾಸ್ಕೆಟ್ ತಿರುಗಿಸಿ ನೋಡಿದರೆ ಅದೇ ಸಿಲಿಂಡರಿನ ಉಂಗುರದಿಂದ ನೀರಿನ ತೂತಿನವರೆಗೆ ಸುಟ್ಟ ಗೆರೆ.

ಆಮೇಲೆ ಅಳತೆ. ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಬೇಕು. 0.05 ಮಿ.ಮೀ. ಎಲೆ ಆರಾಮಾಗಿ ಒಳಗೆ ಹೋಯಿತು ಅಂದರೆ ಹೆಡ್ ಬಾಗಿದೆ ಅಂತ ಲೆಕ್ಕ. ಇಲ್ಲಿ ನಡುವೆ ಸಲೀಸಾಗಿ ಹೋಯಿತು. ಹಿಂದಿನ ಸಲ ಅಳೆಯದೆ ಇದೇ ಬಾಗಿದ ಹೆಡ್ ಕೆಳಗೆ ಹೊಸ ಗ್ಯಾಸ್ಕೆಟ್ ಇಟ್ಟಿದ್ದರು. ಎಷ್ಟು ದಿನ ತಡೆದೀತು?

ಹೆಡ್ ಲೇತ್ ಅಂಗಡಿಗೆ ಹೋಯಿತು. ಮೊದಲು ಪ್ರೆಷರ್ ಟೆಸ್ಟ್, ಅಂದರೆ ಒತ್ತಡ ಕೊಟ್ಟು ಬಿರುಕು ಹುಡುಕುವುದು. ಬಿರುಕು ಬಿಟ್ಟ ಹೆಡ್ಡಿಗೆ ಸರ್ಫೇಸಿಂಗ್ (ಮೇಲ್ಮೈ ಹೆರೆದು ಸಮ ಮಾಡುವುದು) ಮಾಡಿಸಿ ಏನು ಬಂತು? ಸರ್ಫೇಸಿಂಗನ್ನೂ ಸಮ ಆಗುವಷ್ಟೇ ಮಾಡಿಸಬೇಕು. ಜಾಸ್ತಿ ಹೆರೆದರೆ ಕಂಪ್ರೆಷನ್ ಏರುತ್ತದೆ. ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳನ್ನು ಬಿಚ್ಚುವಾಗಲೇ ರಟ್ಟಿಗೆ ತೂತು ಮಾಡಿ, ನಂಬರ್ ಬರೆದು ಸಿಕ್ಕಿಸಿಟ್ಟಿದ್ದೆವು. ಯಾವ ವಾಲ್ವ್ ಯಾವ ಸೀಟಿನದೋ ಅಲ್ಲಿಗೇ ಹೋಗಬೇಕು. ಪೇಸ್ಟ್ ಹಚ್ಚಿ ತಿಕ್ಕಿದ ಮೇಲೆ ಸುತ್ತಲೂ ಒಂದೇ ಅಗಲದ ಬೂದು ಉಂಗುರ ಕಾಣಬೇಕು. ವಾಲ್ವ್ ಸೀಲ್ ಹೊಸದು. ಕೊನೆಗೆ ಸ್ಪ್ರಿಂಗ್ ಕೂರಿಸಿ, ಪೋರ್ಟಿಗೆ ಸ್ವಲ್ಪ ಪೆಟ್ರೋಲ್ ಸುರಿದು ಬಿಟ್ಟೆವು. ಕೆಳಗೆ ತೇವ ಕಾಣಲಿಲ್ಲ.

ಬ್ಲಾಕಿನ ಮೇಲ್ಮೈಗೆ ಗ್ರೈಂಡರ್‌ನಲ್ಲಿ ಎಮರಿ ಡಿಸ್ಕ್ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಪುಡಿ ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ತೂತುಗಳಿಗೆ ಬಟ್ಟೆ ತುರುಕಿ, ಥಿನ್ನರ್ ಹಚ್ಚಿ, ಅಂಟಿಕೊಂಡ ಹಳೇ ಗ್ಯಾಸ್ಕೆಟ್ಟನ್ನು ಕೈಯಲ್ಲೇ ನಿಧಾನ ಹೆರೆಯಬೇಕು. ಬೋಲ್ಟ್ ತೂತುಗಳಿಗೆ ಗಾಳಿ ಹೊಡೆಯುವುದನ್ನು ಮರೆಯಬಾರದು. ತಳ ಮುಚ್ಚಿದ ತೂತಿನಲ್ಲಿ ನೀರೋ ಆಯಿಲೋ ಉಳಿದಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಬ್ಲಾಕೇ ಸೀಳಬಹುದು. ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಬಳಿಯುವುದು ಬೇಡ. ಬೋಲ್ಟ್ ಬಿಗಿಯಲು ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕೇ ಬೇಕು, ಹಂತ ಹಂತವಾಗಿ. "ನನ್ನ ಕೈಗೇ ಅಂದಾಜು ಸಿಗುತ್ತೆ" ಅನ್ನುವ ಹಿರಿಯರ ಮಾತು ಇಲ್ಲಿ ನಡೆಯಲ್ಲ.

ಇನ್ನು ಕುದಿಯಲು ಕಾರಣ. ಹೆಡ್ಡಿನ ನೀರಿನ ದಾರಿಯಲ್ಲೆಲ್ಲ ಬಿಳಿ ಸುಣ್ಣದಂಥ ಪದರ ಕಟ್ಟಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರೇ ಸುರಿದಿದ್ದಾರೆ. ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟ್ಯಾಟ್ ಯಾರೋ ತೆಗೆದು ಬಿಸಾಕಿದ್ದರು. ಎಲ್ಲ ಜೋಡಿಸಿ, ಥರ್ಮೋಸ್ಟ್ಯಾಟ್ ಹೊಸದು ಹಾಕಿ ಎಂಜಿನ್ ಬಿಸಿ ಮಾಡಿದೆವು. ಆಫ್ ಮಾಡಿ, ಫ್ಯಾನಿನ ವೈರ್ ಕಳಚಿ, ರೇಡಿಯೇಟರ್ ಮೇಲೆ ಹುಷಾರಾಗಿ ಕೈಯಾಡಿಸಿದರೆ ಒಂದು ಕಡೆ ಸುಡುತ್ತಿತ್ತು, ಇನ್ನೊಂದು ಕಡೆ ತಣ್ಣಗಿತ್ತು. ತಣ್ಣಗಿದ್ದ ಕಡೆ ನಳಿಗೆಗಳು ಕಟ್ಟಿಕೊಂಡಿವೆ, ಅಲ್ಲಿ ನೀರೇ ಹರಿಯುತ್ತಿಲ್ಲ. ಮಾಲೀಕರನ್ನು ಕರೆದು ಅವರ ಕೈಯಲ್ಲೇ ಮುಟ್ಟಿಸಿದೆ. ರೇಡಿಯೇಟರ್ ಬದಲಾಯಿಸಲು ಆಮೇಲೆ ಚೌಕಾಸಿ ಮಾಡಲಿಲ್ಲ.

ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ತುಂಬಿ, ಗಾಳಿ ಪೂರ್ತಿ ಹೊರಗೆ ಬಿಟ್ಟು ಗಾಡಿ ಕೊಟ್ಟೆವು. "ದಾರಿಯಲ್ಲಿ ಕಮ್ಮಿಯಾದ್ರೆ ಮಾಮೂಲಿ ನೀರು ಹಾಕ್ಬಹುದಾ?" ಅಂತ ಕೇಳಿದರು. ಎಂಜಿನ್ ತಣ್ಣಗಾಗಲು ಬಿಟ್ಟು, ಆಮೇಲೆ ಮುಚ್ಚಳ ತೆಗೆದು ಹಾಕಿಕೊಂಡು ಬನ್ನಿ, ಆದರೆ ಬಂದ ಮೇಲೆ ಅದನ್ನು ಇಳಿಸಿ ಕೂಲೆಂಟ್ ತುಂಬಿಸಿಕೊಳ್ಳಿ ಅಂದೆ.