ಟ್ಯಾಂಕ್ ಪ್ರಾಜೆಕ್ಟ್: ಮೋಟರ್ ಬಂದ್ ಆಗದ ಕಾಟ ಕೊನೆಗೂ ಸಿಕ್ಕಿಬಿತ್ತು

ಮನೆಯ ಟ್ಯಾಂಕ್ ತುಂಬಿದ ಕೂಡಲೇ ನೀರಿನ ಮೋಟರ್ ತಾನೇ ನಿಲ್ಲಲಿ ಅಂತ ಒಂದು ಜೋಡಣೆ ಮಾಡಿದ್ದೆ. ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ಮೋಟರ್ ಒಮ್ಮೊಮ್ಮೆ ನಿಲ್ಲುತ್ತಿರಲಿಲ್ಲ, ಅದರ ಮೂಲ ಸಿಕ್ಕಿದೆ! ನೀರಿನ ಮಟ್ಟ ಅಳೆಯುವ ಸೆನ್ಸರ್ ಅಲ್ಲ, ಸಾಧನಗಳ ನಡುವೆ ಮೆಸೇಜ್ ಹಂಚುವ ಬ್ರೋಕರ್ ಅಲ್ಲ. ಪ್ರೋಗ್ರಾಮಿನ ಸ್ಟ್ರೀಮ್‌ನಲ್ಲಿ, ಅಂದರೆ ಒಂದರ ಹಿಂದೊಂದು ಬರುವ ಮೆಸೇಜ್‌ಗಳ ಹರಿವಿನಲ್ಲಿ, ಒಂದು ಕಡೆ ಆದೇಶಗಳು ಸಾಲುಗಟ್ಟಿ ನಿಂತುಬಿಡುತ್ತಿದ್ದವು.

ಜೋಡಣೆ ಹೀಗಿದೆ. ಟ್ಯಾಂಕ್ ಮುಚ್ಚಳದಲ್ಲಿ ಶಬ್ದದ ಅಲೆಯಿಂದ ದೂರ ಅಳೆಯುವ ಜೆಎಸ್‌ಎನ್-ಎಸ್‌ಆರ್04ಟಿ ಸೆನ್ಸರ್, ಅದಕ್ಕೆ ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡ್. ಮನೆಯೊಳಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮಾಸ್ಕಿಟೊ ಎಂಬ ಬ್ರೋಕರ್, ಅಲ್ಲೇ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮತ್ತು ಸ್ಟ್ರೀಮ್ ಕಟ್ಟುವ ಲೈಬ್ರರಿ ಆರ್‌ಎಕ್ಸ್‌ಜೆಎಸ್ 7. ಸಂಪ್ ಪಕ್ಕದ ಮೋಟರ್‌ಗೆ, ವೈಫೈನಲ್ಲಿ ಆದೇಶ ಪಡೆದು ಅದನ್ನು ಚಾಲೂ, ಬಂದ್ ಮಾಡುವ ಒಂದು ರಿಲೇ ಬೋರ್ಡ್. ಸೆನ್ಸರ್ ಬಗ್ಗೆ ಒಂದೇ ಮಾತು: ಮುಖದಿಂದ ಸುಮಾರು 20 ಸೆಂ.ಮೀ. ಒಳಗೆ ಇರುವುದು ಅದಕ್ಕೆ ಕಾಣುವುದಿಲ್ಲ. ತುಂಬಿದ ನೀರಿನ ಮಟ್ಟಕ್ಕಿಂತ ಅಷ್ಟಾದರೂ ಮೇಲೆ ಕೂರಿಸಿ. ಒಂದೇ ಬಿಲ್‌ನಲ್ಲಿ ಎರಡು ತರಿಸಿದರೆ ಎರಡು ಬೇರೆ ವರ್ಷನ್ ಬಂದವು. ಕೆಲಸ ಮಾಡುವ ರೀತಿ (ಮೋಡ್) ಬದಲಿಸಲು ಬೆಸುಗೆ ಹಾಕುವ ರೆಸಿಸ್ಟರ್ ಜಾಗವೂ ಬೇರೆ. ಅಂಗಡಿಯವರಿಗೆ ಕೇಳಿದರೆ 'ಎಲ್ಲಾ ಒಂದೇ ಸಾರ್' ಅಂತ ಉತ್ತರ. ಒಂದೇ ಅಲ್ಲ. ಬೋರ್ಡ್ ಮೇಲೆ ಅಚ್ಚಾದದ್ದನ್ನು ಓದಿ ಆಮೇಲೆ ಬೆಸುಗೆ ಹಾಕಿ.

ಈಗ ಅಸಲಿ ವಿಷಯ. ಹೆಚ್ಚಿನ ದಿನ ಎಲ್ಲಾ ಸರಿ. ಒಮ್ಮೊಮ್ಮೆ ಮಾತ್ರ ಮೋಟರ್ ಚಾಲೂ ಆಗುತ್ತದೆ, ಟ್ಯಾಂಕ್ ತುಂಬುತ್ತದೆ, ಡ್ಯಾಶ್‌ಬೋರ್ಡ್ ತುಂಬಿದೆ ಅಂತಲೇ ತೋರಿಸುತ್ತದೆ, ಮೋಟರ್ ಮಾತ್ರ ಓಡುತ್ತಲೇ ಇರುತ್ತದೆ. ಪ್ರೋಗ್ರಾಮ್ ಬರೆದಿಡುವ ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ. ನೋಡ್ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಏನೂ ಆಗದವರ ಹಾಗೆ ನಡೆಯುತ್ತದೆ. ರಿಲೇ ಮಾರಿದವರ ಸಲಹೆಯೂ ಅದೇ: 'ರೀಸ್ಟಾರ್ಟ್ ಮಾಡಿ ನೋಡಿ'. ಕುಡಿಯುವ ನೀರು ಚರಂಡಿಗೆ ಹೋಗುತ್ತಿರುವಾಗ ಇದು ಉತ್ತರವೇ ಅಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕೋಡ್‌ನಲ್ಲಿ ಮೆಸೇಜ್‌ಗಳು ಹಂತಹಂತವಾಗಿ ಸಾಗುವ ಸಾಲಿಗೆ ಪೈಪ್ ಅನ್ನುತ್ತಾರೆ (ನೀರಿನ ಪೈಪ್ ಅಲ್ಲ). ಅದರ ಪ್ರತಿ ಹಂತದ ನಂತರ ಒಂದೊಂದು ಟ್ಯಾಪ್, ಅಂದರೆ ಹಾದುಹೋಗುವುದನ್ನು ನೋಡಿ ಲಾಗ್‌ಗೆ ಬರೆಯಲು ಒಂದು ಆಪರೇಟರ್ (ಸ್ಟ್ರೀಮ್ ಮೇಲೆ ಕೆಲಸ ಮಾಡುವ ಸಿದ್ಧ ಕೋಡ್ ತುಣುಕು). ಲಾಗ್ ನೋಡಬೇಕು ಅಂತ ಅದೇ ಸ್ಟ್ರೀಮ್‌ಗೆ ಇನ್ನೊಂದು ಸಬ್‌ಸ್ಕ್ರೈಬ್ (ಸ್ಟ್ರೀಮ್‌ಗೆ ಹೊಸ ಕೇಳುಗನನ್ನು ಜೋಡಿಸುವುದು) ಮಾತ್ರ ಹಾಕಬೇಡಿ. ಪ್ರತಿ ಕೇಳುಗನಿಗೂ ಮೊದಲಿಂದ ಶುರುವಾಗುವ ಕೋಲ್ಡ್ ಸ್ಟ್ರೀಮ್ ಆಗಿದ್ದರೆ ಇಡೀ ಕೆಲಸ ಇನ್ನೊಮ್ಮೆ ನಡೆಯುತ್ತದೆ, ಮೋಟರ್‌ಗೆ ಆದೇಶವೂ ಎರಡು ಸಲ ಹೋಗುತ್ತದೆ. ಟ್ಯಾಪ್ ಹರಿಯುವುದನ್ನು ನೋಡುತ್ತದೆ ಅಷ್ಟೇ, ಹೊಸದಾಗಿ ಹರಿಸುವುದಿಲ್ಲ.

ಟ್ಯಾಪ್ ಹೇಳಿದ್ದು ಇಷ್ಟು: ನೀರಿನ ಮಟ್ಟ ಬರುತ್ತಿದೆ, ಬಂದ್ ಎಂಬ ಆದೇಶವೂ ಹುಟ್ಟುತ್ತಿದೆ, ಅದರ ಮುಂದೆ ಏನೂ ಇಲ್ಲ. ಬರುವ ಮೌಲ್ಯಗಳನ್ನು ಮಾತ್ರ ಬರೆದಿಟ್ಟರೆ ಸ್ಟ್ರೀಮ್ ಸತ್ತಿದೆಯೋ, ಕಾಯುತ್ತಿದೆಯೋ, ಯಾರಾದರೂ ಕಡಿದುಹಾಕಿದರೋ ಗೊತ್ತಾಗುವುದಿಲ್ಲ. ಮೂರೂ ಲಾಗ್‌ನಲ್ಲಿ ಒಂದೇ ಥರ ಕಾಣುತ್ತವೆ.

ಜಾವಾದಲ್ಲಿ ಇಂಥದ್ದೇ ಲೈಬ್ರರಿಯಾದ ರಿಯಾಕ್ಟರ್ ಬಳಸುವವರಿಗೆ ಲಾಗ್ ಎಂಬ ಆಪರೇಟರೇ ಇದೆ. ಸಬ್‌ಸ್ಕ್ರೈಬ್, ರಿಕ್ವೆಸ್ಟ್, ಕ್ಯಾನ್ಸಲ್, ಕಂಪ್ಲೀಟ್ ಎಲ್ಲವನ್ನೂ ಬರೆದಿಡುತ್ತದೆ. ಆರ್‌ಎಕ್ಸ್‌ಜೆಎಸ್‌ನಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು. ಆರ್‌ಎಕ್ಸ್‌ಜೆಎಸ್ 7.3ರಿಂದ ಟ್ಯಾಪ್‌ಗೆ ನೆಕ್ಸ್ಟ್ (ಹೊಸ ಮೌಲ್ಯ), ಎರರ್, ಕಂಪ್ಲೀಟ್ (ತಾನಾಗಿ ಮುಗಿಯುವುದು) ಜೊತೆಗೆ ಸಬ್‌ಸ್ಕ್ರೈಬ್, ಅನ್‌ಸಬ್‌ಸ್ಕ್ರೈಬ್ (ನಡುವೆ ಕಡಿಯುವುದು), ಫೈನಲೈಸ್ (ಹೇಗಾದರೂ ಕೊನೆಯಾಗುವುದು) ಕೂಡ ಕೊಡಬಹುದು. ಬರೀ ಫೈನಲೈಸ್ ನಂಬಿದರೆ ತಾನಾಗಿ ಮುಗಿದದ್ದಕ್ಕೂ ನಡುವೆ ಕಡಿದದ್ದಕ್ಕೂ ವ್ಯತ್ಯಾಸ ಸಿಗುವುದಿಲ್ಲ. ಇವನ್ನೆಲ್ಲ ಸೇರಿಸಿ 'ಕಾವಲು' ಅಂತ ಒಂದು ಸಣ್ಣ ಆಪರೇಟರ್ ಬರೆದೆ. ಸಬ್‌ಸ್ಕ್ರೈಬ್ ಆದಾಗಲೇ ಸ್ಟ್ರೀಮ್ ಹುಟ್ಟಿಸುವ ಡಿಫರ್ ಒಳಗೆ ಇಟ್ಟಿರುವುದರಿಂದ ಪ್ರತಿ ಸಬ್‌ಸ್ಕ್ರಿಪ್ಷನ್‌ಗೂ ಹೊಸ ನಂಬರ್ ಬೀಳುತ್ತದೆ. ಮುಖ್ಯವಾಗಿ, ಅದನ್ನು ಹೊರಗಿನ ಸ್ಟ್ರೀಮ್‌ಗೆ ಮಾತ್ರವಲ್ಲ, ಕಾನ್‌ಕ್ಯಾಟ್‌ಮ್ಯಾಪ್ (ಪ್ರತಿ ಆದೇಶಕ್ಕೂ ಒಂದು ಒಳ ಸ್ಟ್ರೀಮ್ ಹುಟ್ಟಿಸಿ, ಒಂದು ಮುಗಿದ ಮೇಲೆ ಇನ್ನೊಂದನ್ನು ಓಡಿಸುವ ಆಪರೇಟರ್) ಒಳಗೆ ಹುಟ್ಟುವ ಸ್ಟ್ರೀಮ್‌ಗೂ ಹಾಕಿದೆ.

ಕಾದೆ. ಒಂದು ಬೆಳಿಗ್ಗೆ ಮತ್ತೆ ನೀರು ಹರಿಯಿತು. ಓಡಿಹೋಗಿ ಮೋಟರ್ ಸ್ವಿಚ್ ಆರಿಸಿ ಬಂದು ಲಾಗ್ ತೆಗೆದರೆ ಹೀಗಿತ್ತು:

05:40:11 ಆದೇಶ #1 ಬಂತು: ಚಾಲೂ
05:40:11 ರಿಲೇ #7 ಶುರು
06:12:04 ಆದೇಶ #1 ಬಂತು: ಬಂದ್

# ಮುಂದಿರುವುದು ಸಬ್‌ಸ್ಕ್ರಿಪ್ಷನ್ ನಂಬರ್: ಆದೇಶ #1 ಹೊರಗಿನ ಸ್ಟ್ರೀಮ್, ರಿಲೇ #7 ಒಳಗಿನದ್ದು. ಇಲ್ಲದ ಸಾಲುಗಳನ್ನು ನೋಡಿ. 'ರಿಲೇ #7 ಮುಗಿಯಿತು' ಇಲ್ಲ. ಹಾಗಾಗಿ 'ರಿಲೇ #8 ಶುರು' ಕೂಡ ಇಲ್ಲ.

ಚಾಲೂ ಆದೇಶ ಕಳಿಸಿದ ಮೇಲೆ ರಿಲೇ 'ಆಯ್ತು' ಅಂತ ಎಂಕ್ಯೂಟಿಟಿಯಲ್ಲಿ (ಬ್ರೋಕರ್ ಮೂಲಕ ಮೆಸೇಜ್ ಸಾಗಿಸುವ ಪದ್ಧತಿ) ಮರುತ್ತರ ಕೊಡಬೇಕು. ಒಳಗಿನ ಸ್ಟ್ರೀಮ್ ಆ ಒಂದು ಉತ್ತರಕ್ಕಾಗಿ ಟೇಕ್ 1 (ಒಂದು ಬಂದರೆ ಮುಗಿಯಿತು) ಹಾಕಿಕೊಂಡು ಕಾಯುತ್ತದೆ. ಮೋಟರ್ ಶುರುವಾಗುವ ಗಳಿಗೆಯಲ್ಲಿ ಈ ಬೋರ್ಡಿನ ವೈಫೈ ಒಮ್ಮೊಮ್ಮೆ ಕಡಿದುಹೋಗುತ್ತದೆ. ರಿಲೇ ಎಳೆದಿರುತ್ತದೆ, ಮೋಟರ್ ಓಡುತ್ತಿರುತ್ತದೆ. ಆದರೆ ಉತ್ತರ ಕ್ಯೂಓಎಸ್ 0ಯಲ್ಲಿ, ಅಂದರೆ ತಲುಪಿತೇ ಅಂತ ನೋಡದೆ, ಹೊರಟದ್ದು, ಕಳೆದುಹೋದರೆ ಮತ್ತೆ ಬರುವುದಿಲ್ಲ. ಕಾನ್‌ಕ್ಯಾಟ್‌ಮ್ಯಾಪ್ ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ, ಮುಂದಿನವರು ಜಾಗ ಬಿಡುವವರೆಗೂ ಹಿಂದಿನವರಿಗೆ ಏನೂ ಸಿಗುವುದಿಲ್ಲ. ಬಂದ್ ಆದೇಶ ಆ ಸಾಲಿನಲ್ಲೇ ನಿಂತಿತ್ತು. ಯಾವುದೂ ಮುರಿದಿಲ್ಲ, ಹಾಗಾಗಿ ಎರರ್ ಎಲ್ಲಿಂದ ಬರಬೇಕು?

ಸರಿಪಡಿಸುವಾಗ ಕಾನ್‌ಕ್ಯಾಟ್‌ಮ್ಯಾಪ್ ಬದಲು ಯಾವ ಮ್ಯಾಪ್ ಅನ್ನುವುದೇ ದೊಡ್ಡ ಪ್ರಶ್ನೆ. ಒಂದು ನಡೆಯುತ್ತಿರುವಾಗ ಬಂದ ಹೊಸದನ್ನು ಬಿಸಾಡುವ ಎಕ್ಸಾಸ್ಟ್‌ಮ್ಯಾಪ್ ಹಾಕಿದರೆ ಬಂದ್ ಆದೇಶವೇ ಕಸಕ್ಕೆ. ಎಲ್ಲವನ್ನೂ ಒಟ್ಟಿಗೆ ಓಡಿಸುವ ಮರ್ಜ್‌ಮ್ಯಾಪ್ ಹಾಕಿದರೆ ಬಂದ್ ಆದೇಶ ರಿಲೇಗೆ ಹೋಗುತ್ತದೆ, ಆದರೆ ಹಳೆಯ ಚಾಲೂ ರೀಟ್ರೈ (ಮತ್ತೆ ಪ್ರಯತ್ನ) ಆಗುತ್ತಾ ಅದರ ಹಿಂದೆಯೇ ಬಂದು ಮೋಟರನ್ನು ಮತ್ತೆ ಎಬ್ಬಿಸಬಹುದು. ಇಲ್ಲಿ ಸ್ವಿಚ್‌ಮ್ಯಾಪ್ ಬೇಕು: ಹೊಸ ಆದೇಶ ಬಂದರೆ ಹಳೆಯದನ್ನು ಕೈಬಿಡಬೇಕು. ಒಳಗೆ 4 ಸೆಕೆಂಡಿನ ಟೈಮ್‌ಔಟ್ (ಅಷ್ಟರಲ್ಲಿ ಉತ್ತರ ಬರದಿದ್ದರೆ ಎರರ್), ಆಮೇಲೆ ರೀಟ್ರೈ, ಕೊನೆಗೆ ಎರರ್ ಹಿಡಿಯುವ ಕ್ಯಾಚ್‌ಎರರ್. ಈ ಕ್ಯಾಚ್‌ಎರರ್ ಒಳಗಿನ ಪೈಪ್‌ನಲ್ಲೇ ಇರಲಿ. ಹೊರಗಿಟ್ಟರೆ ರೀಟ್ರೈಗಳೂ ಸೋತ ಮೊದಲ ಸಲವೇ ಇಡೀ ಆದೇಶದ ಸ್ಟ್ರೀಮ್ ಮುಗಿದುಹೋಗುತ್ತದೆ. ಇನ್ನೊಂದು, ಉತ್ತರಕ್ಕೆ ಕಿವಿ ಕೊಟ್ಟ ಮೇಲೆಯೇ ಆದೇಶ ಕಳಿಸಿ. ಮನೆಯ ನೆಟ್‌ವರ್ಕ್‌ನಲ್ಲಿ ಉತ್ತರ ಬಹಳ ಬೇಗ ಬರುತ್ತದೆ.

ರೀಟ್ರೈ ಹಾಕುವ ಮುಂಚೆ ರಿಲೇ ಜೊತೆ ಬಂದ ಒಂದು ಪುಟದ ಕಾಗದ ನೋಡಿದೆ. ಅದರಲ್ಲಿ ಇದ್ದದ್ದು ಟಾಗಲ್ (ಈಗಿರುವ ಸ್ಥಿತಿಯನ್ನು ತಿರುಗಿಸುವ) ಆದೇಶ ಒಂದೇ! ಟಾಗಲ್ ಎರಡು ಸಲ ಹೋದರೆ ಚಾಲೂ ಆದದ್ದು ಆರಿಹೋಗುತ್ತದೆ. ಇಂಥದ್ದನ್ನು ನೀರಿನ ಮೋಟರ್‌ಗೆ ಅಂತ ಹೇಗೆ ಮಾರುತ್ತಾರೋ. ಬ್ರೋಕರ್‌ನ ಎಲ್ಲಾ ಟಾಪಿಕ್ (ಮೆಸೇಜ್‌ಗಳ ವಿಳಾಸ) ತೆರೆದಿಟ್ಟು ನೋಡುತ್ತಾ ಕೂತಾಗ, ಬೋರ್ಡ್ ಪವರ್ ಬಂದ ಕೂಡಲೇ ತಾನೇ ಕಳಿಸುವ ಮೆಸೇಜ್‌ನಲ್ಲಿ ಆನ್, ಆಫ್ ಎಂಬ ಬೇರೆ ಬೇರೆ ಆದೇಶಗಳು ಕಂಡವು. ಈಗ ಅವನ್ನೇ ಬಳಸುತ್ತಿದ್ದೇನೆ. ಎಷ್ಟು ಸಲ ಹೋದರೂ ಆಫ್ ಆಫೇ.

ಪರೀಕ್ಷೆಗೆ ಮೋಟರ್ ಬೇಕಾಗಲಿಲ್ಲ. ಆರ್‌ಎಕ್ಸ್‌ಜೆಎಸ್‌ನ ಟೆಸ್ಟ್‌ಶೆಡ್ಯೂಲರ್ ನಕಲಿ ಸಮಯದಲ್ಲಿ ಸ್ಟ್ರೀಮ್ ಓಡಿಸುತ್ತದೆ. ಅದರಲ್ಲಿ 'ಚ 9s ಬ' (ಚಾಲೂ, 9 ಸೆಕೆಂಡ್ ಬಿಟ್ಟು ಬಂದ್) ಅಂತ ಬರೆದು ರಿಲೇ ಉತ್ತರವನ್ನೇ ಕೊಡಲಿಲ್ಲ. ಹಳೆಯ ಕೋಡ್ ಚ ಮಾತ್ರ ಕಳಿಸಿ ನಿಂತಿತು. ಹೊಸದು ಚ ರೀಟ್ರೈ ಮಾಡುತ್ತಾ, ಬ ಬಂದ ತಕ್ಷಣ ಅದನ್ನು ಬಿಟ್ಟು ಬ ಕಳಿಸಿತು. ಟೈಮ್‌ಔಟ್ ಕೂಡ ನಕಲಿ ಸಮಯದಲ್ಲೇ ಓಡುವುದರಿಂದ ಕಾಯುವ ಮಾತೇ ಇಲ್ಲ. ಹೌದು, ಹೀಗೆ ಅಕ್ಷರಗಳಲ್ಲಿ ಸ್ಟ್ರೀಮ್ ಬರೆಯುವ ಮಾರ್ಬಲ್‌ನಲ್ಲಿ ಕನ್ನಡ ನಡೆಯುತ್ತದೆ! ಆದರೆ ಚ ಸರಿ, ಚಾ ಬೇಡ. ದೀರ್ಘದ ಗುರುತು ಯೂನಿಕೋಡ್‌ನಲ್ಲಿ ಬೇರೆ ಕ್ಯಾರೆಕ್ಟರ್ ಆದ್ದರಿಂದ ಅದು ಇನ್ನೊಂದು ಫ್ರೇಮ್ (ಸಮಯದ ಒಂದು ಹೆಜ್ಜೆ) ತಿನ್ನುತ್ತದೆ.

ಇಷ್ಟಾದರೂ ಟ್ಯಾಂಕ್‌ನಲ್ಲಿ ನೀರು ಏರಿದಾಗ ತೇಲಿ ತಾನೇ ಆರುವ ಒಂದು ಫ್ಲೋಟ್ ಸ್ವಿಚ್ ಇರಲಿ. ನಾನು ಹಾಕಿಸಿದ್ದೇನೆ, ಮೋಟರ್‌ನ ಕಂಟ್ರೋಲ್ ವೈರ್‌ಗೆ ನೇರವಾಗಿ. ಪೈ ಕೈಕೊಟ್ಟರೂ ನೀರು ಪೋಲಾಗಬಾರದು.

ಮುಂದಿನದ್ದು ಆಗಲೇ ಮೇಜಿನ ಮೇಲಿದೆ: ಮೋಟರ್ ವೈರ್ ಸುತ್ತ ಹಾಕಲು ಎಸ್‌ಸಿಟಿ-013 ಕರೆಂಟ್ ಸೆನ್ಸರ್. ಸಂಪ್ ಖಾಲಿಯಾಗಿ ಮೋಟರ್ ಒಣಗಿ ಓಡಿದರೆ ಕರೆಂಟ್ ಇಳಿಯುತ್ತದೆ, ಅದನ್ನು ಹಿಡಿಯಬೇಕು ಅಂತ ತರಿಸಿದ್ದು. ಈಗ ಅದಕ್ಕೆ ಇನ್ನೊಂದು ಕೆಲಸವೂ ಸಿಕ್ಕಿತು. ರಿಲೇ 'ಆಯ್ತು' ಅನ್ನುವುದನ್ನು ಕಾಯುವ ಬದಲು ಮೋಟರ್ ಕರೆಂಟ್ ಎಳೆಯುತ್ತಿದೆಯಾ ಅಂತಲೇ ನೋಡಿ ಉತ್ತರದ ಸ್ಟ್ರೀಮ್ ಕಟ್ಟುತ್ತೇನೆ. ಕಾವಲು ಅದರ ಮೇಲೂ ಇರುತ್ತದೆ.