ಮಳೆಗಾಲದ ಮುಂಚೆ ಓಮ್ನಿ ಗ್ಲಾಸ್ ಬಿಚ್ಚಿದ್ದು

ಮೇ 18, 2024, ಶನಿವಾರ

ಸೌದೆ ಕೊಟ್ಟಿಗೆ ಸೇರ್ತು, ಹಂಚು ಕೈಯಾಡಿಸಿದ್ದೂ ಆಯ್ತು, ಮಳೆಗಾಲದ ಮುಂಚಿನ ಕೆಲಸದಲ್ಲಿ ಉಳಿದಿದ್ದು ಓಮ್ನಿ ಒಂದೇ. ಅಪ್ಪಯ್ಯ 1999ರಲ್ಲಿ ತಗೊಂಡ ಗಾಡಿ. ತೋಟದ ಅಡಿಕೆ ಮೂಟೆ, ಮದ್ದು ಹೊಡೆಯೋ ಸಾಮಾನು, ಅಕ್ಕನ ಮದುವೆ ಪಾತ್ರೆ ಎಲ್ಲಾ ಹೊತ್ತಿದೆ, ಅಜ್ಜಿಗೆ ಹುಷಾರು ತಪ್ಪಿದಾಗ ರಾತ್ರೋರಾತ್ರಿ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಮುಟ್ಟಿಸಿದ್ದೂ ಇದೇ. ಮಾರುತಿ ಕಂಪನಿಯವರು 2019ರಲ್ಲಿ ಓಮ್ನಿ ಮಾಡೋದೇ ನಿಲ್ಸಿದ್ರು, ಹಾಗಾಗಿ ಇದು ಹೋದ್ರೆ ಇಂಥದ್ದೇ ಇನ್ನೊಂದು ಹೊಸದು ಸಿಗಲ್ಲ. ಈ ವರ್ಷ ಆರ್‌ಸಿ ಮೂರನೇ ಸಲ ರಿನ್ಯೂವಲ್‌ಗೆ ಬಂದಿದೆ, ಅದಕ್ಕೆ ಮೊದಲು ಬಾಡಿ ಸರಿ ಮಾಡ್ಲೇಬೇಕು ಅಂತ ಕೂತೆ.

ತೊಂದರೆ ಏನಂದ್ರೆ ಹೋದ ಮಳೆಗಾಲದಲ್ಲಿ ಹಿಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿದ್ರೆ ನೀರು, ಬೂಸಲು ವಾಸನೆ ಅಂದ್ರೆ ಬಾಗಿಲು ತೆಗೆಯೋಕಾಗಲ್ಲ ಅಷ್ಟು. ಚಕ್ರದ ಮೇಲಿನ ತಗಡು ತೂತಾಗಿರ್ಬೇಕು ಅಂತ ಅಲ್ಲೇ ಹುಡುಕ್ತಾ ಇದ್ವಿ. ಇವತ್ತು ಬೆಳಿಗ್ಗೆ ತಮ್ಮ ಟಾರ್ಚ್ ಹಿಡ್ಕೊಂಡು ಒಳಗೆ ಕೂತ, ನಾನು ಹೊರಗಿಂದ ಪೈಪ್ ಹಿಡಿದೆ. ಕೆಳಗಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಮೇಲೆ ಹೋಗ್ಬೇಕು, ಮೊದಲೇ ಟಾಪ್ ಮೇಲೆ ಸುರಿದ್ರೆ ಎಲ್ಲಾ ಕಡೆ ಇಳಿದು ಎಲ್ಲಿಂದ ಬಂತು ಅಂತಾನೇ ಗೊತ್ತಾಗಲ್ಲ. ಚಕ್ರದ ಹತ್ರ ಏನೂ ಇಲ್ಲ. ಎಡಗಡೆ ಹಿಂದಿನ ಗ್ಲಾಸಿನ ಕೆಳಮೂಲೆಗೆ ಬಂದಾಗ ತಮ್ಮ ಒಳಗಿಂದ್ಲೇ ಕೂಗಿದ, "ಅಣ್ಣಾ ನಿಲ್ಸು, ಇಲ್ಲೇ ಬರ್ತಾ ಇದೆ!" ನೀರು ಮೂಲೆಯಲ್ಲಿ ಒಳಗೆ ನುಗ್ಗಿ, ಪ್ಯಾನಲ್ ಹಿಂದೆ ತಗಡು ಹಿಡ್ಕೊಂಡು ಇಳಿದು, ಒಂದೂವರೆ ಅಡಿ ಆಚೆ ಗಾಡಿ ಒಳಗೇ ಬರ್ತಿತ್ತು.

ನಾಲ್ಕು ವರ್ಷದ ಹಿಂದೆ ಪೇಟೆಯ ಒಂದು ಗ್ಯಾರೇಜಲ್ಲಿ ಇದೇ ಗ್ಲಾಸಿಗೆ ಸಿಲಿಕಾನ್ (ಸಂದಿ ಮುಚ್ಚೋ ಅಂಟು) ಹೊಡೆಸಿದ್ವಿ. ಗ್ಲಾಸ್ ಬಿಚ್ಚದೆ ಬೀಡಿಂಗ್ (ಗ್ಲಾಸ್ ಸುತ್ತ ಇರೋ ರಬ್ಬರ್ ಪಟ್ಟಿ) ಮೇಲೇ ಸುತ್ತ ಎಳೆದು ಕಳ್ಸಿದ್ರು, ವಿನೆಗರ್ ವಾಸನೆ ಎರಡು ದಿನ ಹೋಗಿರ್ಲಿಲ್ಲ. ಆ ವಾಸನೆ ಬರೋ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತೆ, ಪೇಂಟ್ ಎದ್ದ ಬರೀ ತಗಡಿಗೆ ಅದು ತಾಗಿದ್ರೆ ತುಕ್ಕು ಹಿಡಿಯುತ್ತೆ. ಅದಕ್ಕಿಂತ ದೊಡ್ಡ ಅನ್ಯಾಯ ಅಂದ್ರೆ ಮೇಲೆಲ್ಲೋ ಒಂದು ಸಂದಿಯಲ್ಲಿ ಒಳಗೆ ಹೋದ ನೀರಿಗೆ ಕೆಳಗೆ ಹೊರಗೆ ಬರೋ ದಾರೀನೇ ಮುಚ್ಚಿಬಿಟ್ಟಿತ್ತು, ನಾಲ್ಕು ಮಳೆಗಾಲ ಅಲ್ಲೇ ನಿಂತಿದೆ.

ಬಿಚ್ಚೋಕೆ ಮಧ್ಯಾಹ್ನ ಆಯ್ತು. ಒಳಗಿನ ಪ್ಯಾನಲ್ ತೆಗೆದು, ಹಳೇ ಸಿಲಿಕಾನ್ ಬ್ಲೇಡಲ್ಲಿ ಕೆರೆದು, ಒಳಗಡೆಯಿಂದ ಬೀಡಿಂಗ್ ತುಟಿನ ಬಿದಿರು ಚಕ್ಕೆಯಲ್ಲಿ ಎಬ್ಬಿಸ್ತಾ ಬಂದೆ, ಮೇಲಿನ ಮೂಲೆಯಿಂದ ಶುರು. ಸ್ಕ್ರೂಡ್ರೈವರ್ ಹಾಕ್ಬೇಡಿ ದಯವಿಟ್ಟು. ಸೈಡ್ ಗ್ಲಾಸ್ ಟಫನ್ಡ್ ಇರುತ್ತೆ, ಮಧ್ಯದಲ್ಲಿ ಗುದ್ದಿದ್ರೂ ತಡ್ಕೊಳ್ಳುತ್ತೆ, ಅಂಚಿಗೆ ಕಬ್ಬಿಣ ತಾಗಿದ್ರೆ ಇಡೀ ಗ್ಲಾಸ್ ಕಲ್ಲುಸಕ್ಕರೆ ಹಾಗೆ ಪುಡಿ. ಮೇಲಿನ ಅಂಚು ಪೂರ್ತಿ ಬಿಟ್ಟ ಮೇಲೆ ನಾನು ಒಳಗಿಂದ ಅಂಗೈಯಲ್ಲಿ ಒತ್ತಿದೆ, ತಮ್ಮ ಹೊರಗೆ ಗೋಣಿ ಹಿಡ್ಕೊಂಡು ನಿಂತಿದ್ದ, ಬೀಡಿಂಗ್ ಸಮೇತ ಅವನ ಕೈಗೆ ಬಂತು.

ಗ್ಲಾಸ್ ಹೋದ ಮೇಲೆ ಕಂಡಿದ್ದು ನೋಡಿ ಇಬ್ರಿಗೂ ಮಾತೇ ಬರ್ಲಿಲ್ಲ. ಕೆಳಗಿನ ಅಂಚು ಪದರ ಪದರ ಎದ್ದಿದೆ, ಮೂಲೆಯಲ್ಲಿ ಚಕ್ಕೆ ತಾಗಿಸಿದ್ರೆ ಎರಡು ತೂತು. ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ಎದ್ದು ಬಂದು ಕೈ ಆಡಿಸಿ, "ಮೈಲುತುತ್ತದ ಚೀಲ ಇಡ್ತಾ ಇದ್ದಿದ್ದು ಇದೇ ಮೂಲೆಗೆ ಅಲ್ವನಾ" ಅಂದ್ರು. ಹೌದು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಪ್ರತಿ ವರ್ಷ ಮೈಲುತುತ್ತ (ಕಾಪರ್ ಸಲ್ಫೇಟ್) ಇದ್ರಲ್ಲೇ ತರ್ತಾ ಇದ್ದಿದ್ದು. ಅದು ನೀರಿಗೆ ಸೇರಿ ಕಬ್ಬಿಣಕ್ಕೆ ತಾಗಿದ್ರೆ ಕಬ್ಬಿಣ ಕರಗುತ್ತೆ, ಮೇಲೆ ಕೆಂಪಗೆ ತಾಮ್ರ ಕೂರುತ್ತೆ. ಮೇಲಿಂದ ಸೋರಿದ ನೀರು, ಪಕ್ಕದಲ್ಲಿ ಮೈಲುತುತ್ತದ ಪುಡಿ, ತಗಡು ಎಷ್ಟು ವರ್ಷ ತಡೆಯುತ್ತೆ ಪಾಪ.

ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿ ಸಂಜೆನೇ ಟಿಂಕರಿಂಗ್ ಅಂಗಡಿಗೆ ಒಯ್ದೆ, ಸೀಟು ಮೊದಲೇ ತೆಗೆದಿಟ್ಟಿದ್ದೆ, ಕಿಡಿ ಬಿದ್ರೆ ಸ್ಪಂಜಿಗೆ ಬೆಂಕಿ ಹತ್ತುತ್ತೆ. ಸಣ್ಣ ಪ್ಯಾಚ್ ಇಟ್ಟು ವೆಲ್ಡ್ ಮಾಡಿ ಕೊಟ್ರು, ಚೊಕ್ಕ ಕೆಲಸ.

ಮೇ 19, ಭಾನುವಾರ

ಬೆಳಿಗ್ಗೆ ಪೂರ್ತಿ ತಿಕ್ಕೋದೇ. ಮೊದಲು 80 ನಂಬರ್ ಎಮರಿ ಪೇಪರ್, ಆಮೇಲೆ 220. ಮೂಲೆಯ ಗುಳಿಗಳಲ್ಲಿ ಎಷ್ಟು ತಿಕ್ಕಿದ್ರೂ ಕೆಂಪು ಉಳಿದಿತ್ತು, ಅಲ್ಲಿ ರಸ್ಟ್ ಕನ್ವರ್ಟರ್ (ತುಕ್ಕನ್ನ ಗಟ್ಟಿ ಕಪ್ಪು ಪದರ ಮಾಡೋ ದ್ರಾವಣ) ಹಚ್ಚಿ ಕಪ್ಪಾಗೋ ತನಕ ಬಿಟ್ಟು, ಎರಡು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಬಿಳಿ ಪೇಂಟ್. ಇಡೀ ಕೆಲಸದಲ್ಲಿ ಮುಖ್ಯ ಇದೇ, ಗ್ಲಾಸ್ ಕೂರಿಸೋದು ಅರ್ಧ ಗಂಟೆದು. ಇವತ್ತೇ ಕೂರ್ಸಿ ಬಿಡೋಣ ಅಂತ ತಮ್ಮನ ಒತ್ತಾಯ, ನಾನು ಒಪ್ಲಿಲ್ಲ. ಹಸಿ ಪೇಂಟ್ ಮೇಲೆ ರಬ್ಬರ್ ಕೂತ್ರೆ ಅಂಟ್ಕೊಂಡು ಪೇಂಟನ್ನೇ ಎಬ್ಬಿಸುತ್ತೆ.

ಮೇ 22, ಬುಧವಾರ

ಹೊಸ ಬೀಡಿಂಗ್ ಶಿವಮೊಗ್ಗದಿಂದ ಬಂತು. ಹಳೇದು ಮಡಚಿದ್ರೆ ಬಿರುಕು ಬಿಡ್ತಾ ಇತ್ತು, ಅದನ್ನೇ ಹಾಕಿದ್ರೆ ಇಷ್ಟೆಲ್ಲಾ ಮಾಡಿದ್ದು ದಂಡ. ಹೊಸದನ್ನ ಒಂದು ಗಂಟೆ ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಗ್ಲಾಸಿಗೆ ಹಾಕಿದ್ವಿ, ಎಳೆದು ಹಾಕ್ಬಾರ್ದು, ಎಳೆದ ರಬ್ಬರ್ ಆಮೇಲೆ ವಾಪಸ್ ಹೋಗಿ ಮೂಲೆಯಲ್ಲಿ ಸಂದಿ ಬಿಡುತ್ತೆ. ಬೀಡಿಂಗಿನಲ್ಲಿ ತಗಡು ಕೂರೋ ಸಂದಿಯೊಳಗೆ ಸುತ್ತಲೂ ಸಣ್ಣ ನೈಲಾನ್ ಹಗ್ಗ ಕೂರಿಸಿ, ಎರಡು ತುದಿನೂ ಕೆಳಗೆ ಮಧ್ಯದಲ್ಲಿ ಒಂದರ ಮೇಲೊಂದು ಬರೋ ಹಾಗೆ ಬಿಟ್ಟು, ಸೋಪಿನ ನೀರು ಹಚ್ಚಿ (ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಊದುತ್ತೆ) ತಮ್ಮ ಹೊರಗಿಂದ ಗ್ಲಾಸ್ ಒತ್ತಿ ಹಿಡಿದ, ನಾನು ಒಳಗೆ ಕೂತು ಹಗ್ಗದ ತುದಿ ನಿಧಾನ ಎಳೆದೆ. ಹಗ್ಗ ಬಂದ ಹಾಗೆ ರಬ್ಬರ್ ತುಟಿ ತಗಡು ದಾಟಿ ಒಳಗೆ ಮಡಚಿ ಕೂರ್ತಾ ಬರುತ್ತೆ, ಆ ಟಕ್ ಟಕ್ ಸದ್ದು ಕೇಳೋಕೇ ಖುಷಿ. ಕೊನೇ ಮೂಲೆ ಮಾತ್ರ ಎರಡು ಸಲ ಜಾರ್ತು, ಮೂರನೇ ಸಲ ಹೊರಗಿಂದ ಅಂಗೈಯಲ್ಲಿ ತಟ್ಟಿ ತಟ್ಟಿ ಕೂರ್ಸಿದ್ವಿ.

ಆಮೇಲೆ ರಬ್ಬರಿನ ಹೊರತುಟಿ ಎತ್ತಿ, ತಗಡಿಗೂ ರಬ್ಬರಿಗೂ ಮಧ್ಯೆ ಬ್ಯುಟೈಲ್ ಸೀಲೆಂಟ್. ಇದು ಗಟ್ಟಿಯಾಗಲ್ಲ, ಹಾಗೇ ಮೆತ್ತಗಿರುತ್ತೆ, ಆಗುಂಬೆ ರಸ್ತೆಯಲ್ಲಿ ಬಾಡಿ ಎಷ್ಟು ಅಲ್ಲಾಡಿದ್ರೂ ಬಿರಿಯಲ್ಲ, ಮುಂದೆ ಯಾವತ್ತಾದ್ರೂ ಬಿಚ್ಚೋದಿದ್ರೂ ಗ್ಲಾಸ್ ಒಡೆಯಲ್ಲ.

ಜೂನ್ 9, ಭಾನುವಾರ

ಮೃಗಶಿರ ಹಿಡೀತು. ರಾತ್ರಿ ಇಡೀ ಹೊಯ್ದಿದೆ. ಬೆಳಿಗ್ಗೆ ಕಾಫಿಗೂ ಮೊದಲು ಕೊಡೆ ಹಿಡ್ಕೊಂಡು ಹೋಗಿ ಪ್ಯಾನಲ್ ಹಿಂದೆ ಕೈ ಹಾಕಿದೆ, ಮೂಲೆಗಿಟ್ಟಿದ್ದ ಪೇಪರ್ ಗರಿಗರಿ ಒಣಗಿದೆ. ಅಪ್ಪಯ್ಯನಿಗೆ ತೋರಿಸಿದ್ರೆ ಪೇಪರ್ ಮಡಚಿ ಜೇಬಿಗೆ ಹಾಕ್ಕೊಂಡ್ರು, ಏನೂ ಹೇಳ್ಲಿಲ್ಲ.

ಬಲಗಡೆ ಗ್ಲಾಸ್ ಇನ್ನೂ ಹಾಗೇ ಇದೆ. ಅದರ ಕೆಳಮೂಲೆಯಲ್ಲೂ ಪೇಂಟ್ ಸಣ್ಣಗೆ ಊದಿದೆ. ಈ ಮಳೆಯಲ್ಲಿ ಪೇಂಟ್ ಒಣಗಲ್ಲ, ಸದ್ಯಕ್ಕೆ ಆ ಕಡೆ ಟಾರ್ಪಾಲ್ ಕಟ್ಟಿದೀನಿ, ಮೈಲುತುತ್ತದ ಚೀಲ ಈ ಸಲ ಪ್ಲಾಸ್ಟಿಕ್ ಡ್ರಮ್ಮಲ್ಲಿ ಬರುತ್ತೆ.