ಬಿಸಿಲಿಗೆ ಸೊಟ್ಟಗಾದ ರೆಕಾರ್ಡು

ಮಧ್ಯಾಹ್ನ ಎರಡೂವರೆ. ಕಿಟಕಿ ಮುಚ್ಚಿ, ಪರದೆ ಎಳೆದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ ಅದರ ಮೇಲೇ ಮಲಗಿದ್ದೇನೆ. ಫ್ಯಾನು ಜೋರಾಗಿಯೇ ತಿರುಗುತ್ತಿದೆ, ಆದರೆ ಬರುವುದು ಬಿಸಿಗಾಳಿ. ನಲ್ಲಿ ತಿರುಗಿಸಿದರೆ ಮೊದಲ ಒಂದು ನಿಮಿಷ ಕೈ ಇಡೋಕಾಗದಷ್ಟು ಸುಡುವ ನೀರು. ಈ ದಿನಗಳಲ್ಲಿ ಕೆಲಸವನ್ನೆಲ್ಲ ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ, ಉಳಿದದ್ದನ್ನು ಸಂಜೆಗೆ ಬಿಡುತ್ತೇನೆ. ನಡುವಿನ ಹೊತ್ತು ಹಾಡಿಗೆ. ಅದೂ 1950ರ ದಶಕದ ರಾಕ್ ಅಂಡ್ ರೋಲ್‌ಗೆ ಮಾತ್ರ. ಚಳಿಗಾಲದಲ್ಲಿ ನನಗೆ ಅದನ್ನು ಹಾಕಬೇಕು ಅಂತ ಅನ್ನಿಸುವುದೇ ಇಲ್ಲ.

ಅದಕ್ಕೆ ಕಾರಣ ಮಾವನ ಕೋಣೆ. ತಾರಸಿಯ ಕೆಳಗೇ ಇದ್ದದ್ದು ಅದು, ಮಧ್ಯಾಹ್ನದ ಹೊತ್ತಿಗೆ ಗೋಡೆ ಮುಟ್ಟಿದರೂ ಬಿಸಿ. ಅಲ್ಲೊಂದು ವಾಲ್ವಿನ ರೆಕಾರ್ಡ್ ಪ್ಲೇಯರ್ ಇತ್ತು. ವಾಲ್ವು, ಅಂದರೆ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ಬಲ್ಬು, ಕಾಯುವವರೆಗೆ ದನಿ ಬರುತ್ತಿರಲಿಲ್ಲ, ಕಾದ ಮೇಲೆ ಪೆಟ್ಟಿಗೆಯ ಹಿಂದಿನಿಂದ ಬಿಸಿ ಧೂಳಿನ ವಾಸನೆ ಬರುತ್ತಿತ್ತು. ಆ ಧಗೆಯ ಕೋಣೆಗೆ ಇನ್ನಷ್ಟು ಬಿಸಿ ಸೇರಿಸುವ ಯಂತ್ರ! ಆದರೂ ನಾವಿಬ್ಬರೂ ಅದರ ಮುಂದಿನಿಂದ ಏಳುತ್ತಿರಲಿಲ್ಲ. ಏಳು ಇಂಚಿನ ಪುಟ್ಟ ರೆಕಾರ್ಡುಗಳು, ನಿಮಿಷಕ್ಕೆ 45 ಸುತ್ತು. ಎರಡು, ಎರಡೂವರೆ ನಿಮಿಷಕ್ಕೆ ಹಾಡು ಮುಗಿಯುತ್ತಿತ್ತು, ಆಗ ಯಾರಾದರೂ ಎದ್ದು ತಿರುಗಿಸಿ ಹಾಕಬೇಕು. ಅದು ನನ್ನ ಕೆಲಸ.

ಒಂದು ದಿನ ಅಮೆರಿಕದ ಹಾಡುಗಾರ ಬಡ್ಡಿ ಹಾಲಿಯ 'ಪೆಗ್ಗಿ ಸ್ಯೂ' ರೆಕಾರ್ಡನ್ನು ಕಿಟಕಿಯ ಮೇಲಿಟ್ಟು, ನೀರು ಕುಡಿಯಲು ಕೆಳಗೆ ಹೋದೆ. ಅಲ್ಲೇ ಏನೋ ಮಾತಿಗೆ ನಿಂತುಬಿಟ್ಟೆ. ವಾಪಸ್ ಬಂದು ನೋಡಿದರೆ ಬಿಸಿಲು ಅದರ ಮೇಲೆ ಬಿದ್ದಿತ್ತು, ಅಂಚು ಹಪ್ಪಳದ ಹಾಗೆ ಎದ್ದಿತ್ತು. "ಮಾವ..." ಅಂದೆ, ಮುಂದೆ ಮಾತೇ ಬರಲಿಲ್ಲ. ಅವರು ಅದನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಬಿಡೋ, ಒಳಗಿನ ಭಾಗ ಚೆನ್ನಾಗಿದೆ" ಅಂದರು. ಎರಡು ಗಾಜಿನ ನಡುವೆ ಇಟ್ಟು ಮೇಲೆ ಭಾರ ಹೇರಿದೆವು. ಸ್ವಲ್ಪ ಸರಿಹೋಯಿತು, ಪೂರ್ತಿ ಅಲ್ಲ. ಅಂಚಿನಲ್ಲಿ ಮುಳ್ಳು ಹಾರುತ್ತಿತ್ತು. ಅವತ್ತಿನಿಂದ ಮಾವ ಮುಳ್ಳನ್ನು ಒಂದು ಬೆರಳಿನಷ್ಟು ಒಳಗೇ ಇಡುತ್ತಿದ್ದರು, ಹಾಡು ನಡುವಿನಿಂದ ಶುರುವಾಗುತ್ತಿತ್ತು.

ನನಗೆ ಜಾಸ್ತಿ ನೋವಾಗುತ್ತಿದ್ದದ್ದು ಡ್ರಮ್ಮಿನ ಸದ್ದು ಕೇಳಿ. ಅದು ಒಮ್ಮೆ ಕಿವಿಯ ಹತ್ತಿರ ಬರುತ್ತದೆ, ಮರುಕ್ಷಣ ಬಾವಿಯೊಳಗೆ ಹೋದ ಹಾಗೆ ದೂರವಾಗುತ್ತದೆ. ನಾನು ಬಿಸಿಲಿಗಿಟ್ಟು ಹಾಡನ್ನೇ ಹಾಳು ಮಾಡಿದೆ ಅಂತ ಎಷ್ಟೋ ವರ್ಷ ನಂಬಿದ್ದೆ. ಮೊದಲು ಹೇಗಿತ್ತು ಅನ್ನುವುದು ನೆನಪಿರಲಿಲ್ಲ, ಮಾವನನ್ನು ಕೇಳುವ ಧೈರ್ಯವೂ ಇರಲಿಲ್ಲ.

ದೊಡ್ಡವನಾದ ಮೇಲೆ ಓದಿ ತಿಳಿಯಿತು. ಆ ಹಾಡು ಇರುವುದೇ ಹಾಗೆ! 1957ರ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೋದ ಕ್ಲೋವಿಸ್ ಎಂಬ ಊರಲ್ಲಿ ಅದರ ರೆಕಾರ್ಡಿಂಗ್ ಆಯಿತು. ಹಾಲಿಯ ಊರು ಟೆಕ್ಸಸ್‌ನ ಲಬಕ್, ಅಲ್ಲಿಂದ ಸುಮಾರು 160 ಕಿಲೋಮೀಟರ್. ಎರಡೂ ಬಯಲು ಸೀಮೆಯ ಒಣ ಊರುಗಳು. ಜೆರ್ರಿ ಆಲಿಸನ್ ಬಾರಿಸುತ್ತಿದ್ದ ಡ್ರಮ್ಮು ತುಂಬಾ ಜೋರಾಯಿತು ಅಂತ ಅವನನ್ನು ಸ್ಟುಡಿಯೋದಿಂದ ಹೊರಗಿನ ಕೋಣೆಯಲ್ಲಿ ಕೂರಿಸಿದರು. ಸ್ಟುಡಿಯೋದ ನಾರ್ಮನ್ ಪೆಟಿ ಆ ಸದ್ದಿಗೆ ಪ್ರತಿಧ್ವನಿಯನ್ನು ಬೇಕಂತಲೇ ಒಮ್ಮೆ ಸೇರಿಸಿ ಒಮ್ಮೆ ತೆಗೆದು ಮಾಡುತ್ತಿದ್ದರು. ಬಂದು ಹೋಗುವ ಆ ಅಲೆ ಅದರಿಂದಲೇ. ಇದನ್ನು ಓದಿದ ದಿನ ಎದೆಯಿಂದ ಒಂದು ಕಲ್ಲು ಇಳಿಸಿದ ಹಾಗಾಯಿತು.

ಆಮೇಲೆ ಈ ಸಂಗೀತದ ಕಥೆ ಹುಡುಕಿ ಹುಡುಕಿ ಓದಿದೆ. ಅಲ್ಲಿ ಬಿಸಿಲು ಸೀಮೆಯವರು ಬಹಳ. ಲಿಟಲ್ ರಿಚರ್ಡ್ ಜಾರ್ಜಿಯಾದವನು, ಫ್ಯಾಟ್ಸ್ ಡಾಮಿನೋ ನ್ಯೂ ಆರ್ಲಿಯನ್ಸ್‌ನವನು. ಎಲ್ವಿಸ್ ಪ್ರೆಸ್ಲಿಯ ಮೊದಲ ಹಿಟ್ ಹುಟ್ಟಿದ್ದು 1954ರ ಜುಲೈ 5ರಂದು, ಮೆಂಫಿಸ್‌ನ ಸುಡು ಬೇಸಿಗೆಯಲ್ಲಿ. ಅವನಿಗೆ ಆಗ 19 ವರ್ಷ. ಯಾವ ಹಾಡೂ ಕೂಡಿಬರದೆ ಎಲ್ಲರೂ ಸುಸ್ತಾಗಿ ಕೂತಿದ್ದಾಗ ಅವನು ಸುಮ್ನೆ ಒಂದು ಹಳೆಯ ಬ್ಲೂಸ್ ಹಾಡನ್ನು ಕುಣಿಯುತ್ತಾ ಹಾಡತೊಡಗಿದ, ಸ್ಕಾಟಿ ಮೂರ್ ಗಿಟಾರ್ ಹಿಡಿದ, ಬಿಲ್ ಬ್ಲ್ಯಾಕ್ ಬಾಸ್ ಸೇರಿಸಿದ. ಡ್ರಮ್ಮೇ ಇಲ್ಲ.

ಮೆಂಫಿಸ್‌ನ ಅದೇ ಸ್ಟುಡಿಯೋದಲ್ಲಿ 1951ರಲ್ಲಿ 'ರಾಕೆಟ್ 88' ಎಂಬ ಹಾಡು ರೆಕಾರ್ಡ್ ಆಗಿತ್ತು. ಐಕ್ ಟರ್ನರ್ ತಂಡ ಮೆಂಫಿಸ್‌ಗೆ ಬರುವ ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಕೆಟ್ಟಿತು, ಹಾಳಾದ ಸ್ಪೀಕರ್ ಒಳಗೆ ಕಾಗದ ತುರುಕಿದರು, ದನಿ ಗರಗರ ಅಂತ ಒಡೆದು ಬಂತು. ಸ್ಟುಡಿಯೋದ ಒಡೆಯ ಸ್ಯಾಮ್ ಫಿಲಿಪ್ಸ್ ಅದನ್ನು ಸರಿಪಡಿಸುವ ಬದಲು ಹಾಗೇ ಇಟ್ಟುಕೊಂಡರು. ಇದನ್ನು ಓದುವಾಗ ನನಗೆ ಮಾವ ನೆನಪಾದರು, ಸೊಟ್ಟ ರೆಕಾರ್ಡನ್ನು ಕಣ್ಣ ಮುಂದೆ ಹಿಡಿದು ನೋಡುತ್ತಿದ್ದ ಮಾವ.

ಹಾಲಿಯ ಸಾವು ಮಾತ್ರ ಈಗಲೂ ಸಂಕಟ ಕೊಡುತ್ತದೆ. ಬಿಸಿಲು ನಾಡಿನ ಹುಡುಗ, 1959ರ ಚಳಿಗಾಲದಲ್ಲಿ ಹೀಟರ್ ಕೆಟ್ಟ ಬಸ್ಸಿನಲ್ಲಿ ಊರೂರು ಸುತ್ತುತ್ತಿದ್ದ. ಆ ಪ್ರವಾಸದ ಅವನ ಡ್ರಮ್ಮರ್‌ನ ಕಾಲು ಹಿಮಕ್ಕೆ ಮರಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಆ ಬಸ್ಸು ಸಾಕಾಗಿ ಹಾಲಿ ಸಣ್ಣ ವಿಮಾನ ಗೊತ್ತು ಮಾಡಿದ. ಫೆಬ್ರವರಿ 3ರ ನಡುರಾತ್ರಿ ಅಯೋವಾದಲ್ಲಿ ಅದು ಬಿತ್ತು. 22 ವರ್ಷ ಅಷ್ಟೇ, ಅಲ್ವಾ?

ಮಾವ ಈಗಿಲ್ಲ. ಆ ರೆಕಾರ್ಡು ನನ್ನ ಹತ್ತಿರವೇ ಇದೆ, ಬಿಸಿಲು ಬೀಳದ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟಿದ್ದೇನೆ. ಕೇಳುವುದು ಫೋನಿನಲ್ಲಿ. ಅದರಲ್ಲಿ ಹಾಡು ಮೊದಲಿನಿಂದ ಸರಿಯಾಗಿ ಬರುತ್ತದೆ. ಶುರುವಿನ ಆ ಭಾಗ ನನಗೆ ಇನ್ನೂ ಹೊಸದು, ಯಾರದ್ದೋ ಮನೆಯಲ್ಲಿ ಕೂತ ಹಾಗೆ ಕೇಳುತ್ತೇನೆ. ಆಮೇಲೆ ಮಾವ ಮುಳ್ಳಿಡುತ್ತಿದ್ದ ಜಾಗ ಬರುತ್ತದೆ.